ವೇಗದ ದಂಡದಲ್ಲಿ ಪೊಲೀಸರಿಗೆ ಪಾಲಿಲ್ಲ

ಬಳ್ಳಾರಿಯ ಸಂಚಾರ ಪೊಲೀಸರಿಗೆ ಅತಿವೇಗದ ಕೇಸುಗಳ ತಿಂಗಳ ಗುರಿಯಿದೆ, ದಂಡದಲ್ಲಿ ಪಾಲೂ ಸಿಗುತ್ತದೆ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಪಾಲಿನ ಮಾತು ತಪ್ಪು. ದಂಡದ ಹಣ ಸರ್ಕಾರದ ಖಜಾನೆಗೆ ಸೇರುತ್ತದೆ. ಇಂತಿಷ್ಟು ಕೇಸು ಹಾಕಲೇಬೇಕೆಂದು ಮೋಟಾರು ವಾಹನ ಕಾಯ್ದೆ ಎಲ್ಲಿಯೂ ಹೇಳಿಲ್ಲ. ತಪಾಸಣೆ ದಿಢೀರನೆ ಬಿಗಿಯಾದಾಗ ಜನರಿಗೆ ಅನುಮಾನ ಬರುವುದು ಸಹಜ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸವಾರರಿಗೆ ನಿಜವಾಗಿ ಬೇಕಾದ ವಿಷಯವನ್ನೇ ಈ ಸಂದೇಶ ಬಿಟ್ಟಿದೆ. ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ, ಒಬ್ಬನೇ ಸಾಕ್ಷಿ ಬರೀ ಕಣ್ಣಂದಾಜಿನಿಂದ ‘ವೇಗ ಮಿತಿ ಮೀರಿತ್ತು’ ಎಂದರೆ ಅಷ್ಟರಿಂದಲೇ ಶಿಕ್ಷೆ ವಿಧಿಸುವಂತಿಲ್ಲ. ಆ ಒಬ್ಬ ಸಾಕ್ಷಿಯ ಮಾತಿಗೆ ಉಪಕರಣದ ಅಳತೆಯ ಆಧಾರ ಇರಬೇಕು. ಆ ಅಳತೆಯನ್ನು ತೋರಿಸಿ ಎಂದು ಧೈರ್ಯವಾಗಿ ಕೇಳಿ. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ರಸೀದಿ ಕೊಡದೆ ಹಣ ಕೇಳಿದರೆ ಲೋಕಾಯುಕ್ತಕ್ಕೆ ದೂರು ಕೊಡಬಹುದು.