ವೆಲ್ಸ್ ಪುಸ್ತಕಗಳನ್ನು ಎಲ್ಲಿಡೋದು?

ಭಾನುವಾರ ಪುಸ್ತಕದ ಕಪಾಟು ಜೋಡಿಸಲು ಕೂತೆ. ಕತೆ, ಕಾದಂಬರಿ ಮೇಲೆ, ಇತಿಹಾಸ ಮಧ್ಯೆ, ಶಿಕ್ಷಣದ್ದು ಕೆಳಗೆ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಸಿಕ್ಕಾಗ ಲೆಕ್ಕ ತಪ್ಪಿತು. 'ದಿ ಟೈಮ್ ಮಷೀನ್' ಮೇಲಕ್ಕೆ ಹೋಯಿತು. 'ದಿ ಔಟ್‌ಲೈನ್ ಆಫ್ ಹಿಸ್ಟರಿ' ಮಧ್ಯಕ್ಕೆ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ ಇಟ್ಟಿಗೆಯಂಥ ಪುಸ್ತಕ ಅದು, ಬೆನ್ನು ಕಿತ್ತು ಬಂದಿದೆ. ಒಬ್ಬ ಹೆಡ್‌ಮಾಸ್ಟರ್ ಬಗ್ಗೆ ಬರೆದ ತೆಳ್ಳನೆಯದು ಕೆಳಕ್ಕೆ. ಆಸ್ತಿ ಪಾಲು ಮಾಡಿದ ಹಾಗಾಯ್ತು. "ಎಲ್ಲಾ ಒಂದೇ ಕಡೆ ಇಡ್ರೀ, ಧೂಳು ಒರೆಸೋಕಾದ್ರೂ ಸುಲಭ" ಅಂದಳು ಹೆಂಡತಿ.

ವೆಲ್ಸ್ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಮಂಗಳ ಗ್ರಹದಿಂದ ದಾಳಿ ಇಟ್ಟವರು, ಕಣ್ಣಿಗೆ ಕಾಣದ ಮನುಷ್ಯ, ಇಷ್ಟೇ ನೆನಪು. ನನ್ನ ಪ್ರಕಾರ ಆತ ಮೊದಲು ಮೇಷ್ಟ್ರು. ಕಾದಂಬರಿಕಾರ ಆಮೇಲೆ.

ಹುಟ್ಟಿದ್ದು 1866ರಲ್ಲಿ, ಲಂಡನ್ ಹತ್ತಿರದ ಬ್ರಾಮ್ಲಿಯಲ್ಲಿ. ಅಪ್ಪನದು ಪಿಂಗಾಣಿ ಸಾಮಾನಿನ ಅಂಗಡಿ, ವ್ಯಾಪಾರ ಅಷ್ಟಕ್ಕಷ್ಟೆ. ಕ್ರಿಕೆಟ್ ಆಡಿ ನಾಲ್ಕು ಕಾಸು ತರುತ್ತಿದ್ದ. (1862ರಲ್ಲಿ ಕೆಂಟ್ ಪರ ಆಡುತ್ತಾ ಸಸೆಕ್ಸ್ ವಿರುದ್ಧ ಸತತ 4 ಎಸೆತಕ್ಕೆ 4 ವಿಕೆಟ್ ಕಿತ್ತ ಪುಣ್ಯಾತ್ಮ. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅದೇ ಮೊದಲು!) ಮಗ ಚಿಕ್ಕವನಿದ್ದಾಗ ಕಾಲು ಮುರಿದುಕೊಂಡು ಮಲಗಿದ. ಅಪ್ಪ ಲೈಬ್ರರಿಯಿಂದ ಪುಸ್ತಕ ತಂದು ಕೊಟ್ಟ. ಓದಿನ ಹುಚ್ಚು ಹಿಡಿದದ್ದು ಆಗಲೇ. ಆಮೇಲೆ ಅಪ್ಪನ ಕಾಲೂ ಮುರಿಯಿತು, ಕ್ರಿಕೆಟ್ ದುಡ್ಡು ನಿಂತಿತು. ಅಮ್ಮ ಅಪ್‌ಪಾರ್ಕ್ ಎಂಬ ದೊಡ್ಡ ಬಂಗಲೆಯಲ್ಲಿ ಮನೆವಾರ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಹುಡುಗನನ್ನು ಬಟ್ಟೆ ಅಂಗಡಿಗೆ ಹಾಕಿದರು. ದಿನಕ್ಕೆ 13 ಗಂಟೆ ದುಡಿಮೆ.

ಆ ಬಂಗಲೆಯಲ್ಲಿ ಒಂದು ವಿಶೇಷ ಇದೆ. ಆಳುಗಳು ಓಡಾಡಲು ನೆಲದಡಿ ಸುರಂಗ. ಮೇಲೆ ಹುಲ್ಲುಹಾಸು, ಯಜಮಾನರು, ಕೆಳಗೆ ಅನ್ನ ಹೊತ್ತು ನಡೆಯುವವರು. ಈಗ 1895ರ 'ಟೈಮ್ ಮಷೀನ್' ತೆಗೆಯಿರಿ. ಕ್ರಿ.ಶ. 8,02,701. ನೆಲದ ಮೇಲೆ ಹಣ್ಣು ತಿಂದುಕೊಂಡು ಆಡುವ ಎಲಾಯ್‌ಗಳು, ನೆಲದಡಿ ಯಂತ್ರ ನಡೆಸುವ ಮಾರ್ಲಾಕ್‌ಗಳು. ರಾತ್ರಿಯಾದರೆ ಕೆಳಗಿನವರು ಮೇಲಿನವರನ್ನು ಹಿಡಿದು ತಿನ್ನುತ್ತಾರೆ. ಭವಿಷ್ಯದ ಕತೆ ಅಂತ ಓದಿಸಿಕೊಳ್ಳುತ್ತೆ, ನನಗಂತೂ ವೆಲ್ಸ್ ಅಮ್ಮ ಕೆಲಸಕ್ಕಿದ್ದ ಮನೆಯೇ ಕಾಣಿಸುತ್ತೆ.

ಅಂಗಡಿಯಿಂದ ತಪ್ಪಿಸಿಕೊಂಡವನು ಕಲಿಯುತ್ತಲೇ ಕಲಿಸುವ ಕೆಲಸ ಹಿಡಿದ. 1884ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಲಂಡನ್ನಿನಲ್ಲಿ ಟಿ. ಎಚ್. ಹಕ್ಸ್‌ಲಿ ಹತ್ತಿರ ಜೀವಶಾಸ್ತ್ರ ಕಲಿತ. ಮತ್ತೆ ಮೇಷ್ಟ್ರಗಿರಿ. 1893ರಲ್ಲಿ ಬಂದದ್ದು ಜೀವಶಾಸ್ತ್ರದ ಪಠ್ಯಪುಸ್ತಕ, ಕಾದಂಬರಿಗಳೆಲ್ಲ ಅದಾದ ಮೇಲೆ.

ಇನ್ನು ಆ ಇಟ್ಟಿಗೆ ಪುಸ್ತಕ. ಮೊದಲ ಮಹಾಯುದ್ಧ ಮುಗಿದಿತ್ತು. ಒಂದೊಂದು ದೇಶ ತನ್ನದೇ ಇತಿಹಾಸ ಓದಿಕೊಂಡರೆ ಮತ್ತೆ ಹೊಡೆದಾಟವೇ, ಎಲ್ಲರಿಗೂ ಸೇರಿ ಒಂದು ಇತಿಹಾಸ ಬೇಕು ಅಂತ ವೆಲ್ಸ್ ಹಟ. 1919ರಿಂದ ಹದಿನೈದು ದಿನಕ್ಕೊಂದರಂತೆ 24 ಕಂತು. ರಾಜರು ಬರುವುದು ಬಹಳ ತಡವಾಗಿ. ಮೊದಲು ಭೂಮಿ ಹುಟ್ಟಬೇಕು, ಮೀನು ಬರಬೇಕು, ಮಂಗ ಮರದಿಂದ ಇಳಿಯಬೇಕು. ರಾಜರಲ್ಲಿ ಮನಸಾರೆ ಹೊಗಳಿದ್ದು ನಮ್ಮ ಅಶೋಕನನ್ನು, ಹೆಚ್ಚುಕಮ್ಮಿ ಒಂಟಿಯಾಗಿ ಹೊಳೆಯುವ ನಕ್ಷತ್ರ ಅಂತ. ಇಲ್ಲಿ ರಾಯಚೂರಿನ ಮಸ್ಕಿಯಲ್ಲಿ 'ಅಶೋಕ' ಅನ್ನೋ ಹೆಸರೇ ಇರುವ ಶಾಸನ ಸಿಕ್ಕಿದ್ದು 1915ರಲ್ಲಿ. ಜೈಲಿನಲ್ಲಿ ಕೂತು ಮಗಳಿಗೆ ಲೋಕದ ಇತಿಹಾಸ ಬರೆದ ನೆಹರೂ ಅವರಿಗೂ ಈ ಇಟ್ಟಿಗೆಯೇ ಆಸರೆ.

ಹಾಗಂತ ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. 1901ರ 'ಆಂಟಿಸಿಪೇಷನ್ಸ್' ಅನ್ನೋ ಪುಸ್ತಕದಲ್ಲಿ ಬಿಳಿಯರಲ್ಲದವರ ಬಗ್ಗೆ ಬರೆದದ್ದು ಓದಿದರೆ ಮೈ ಉರಿಯುತ್ತೆ. ಕಡೆಗಾಲದ ಕಾದಂಬರಿಗಳಲ್ಲಿ ಮೇಷ್ಟ್ರು ಕತೆಗಾರನನ್ನು ನುಂಗಿ ಹಾಕಿದ್ದಾರೆ. ಪಾತ್ರ ಬಾಯಿ ಬಿಟ್ಟರೆ ಭಾಷಣ, ನಾನು ಮೂರು ಸಲ ಅರ್ಧಕ್ಕೇ ಬಿಟ್ಟಿದ್ದೇನೆ.

ತೆಳ್ಳನೆಯ ಪುಸ್ತಕ ಹಾಗಲ್ಲ. ಇಂಗ್ಲೆಂಡಿನ ಔಂಡಲ್ ಶಾಲೆಯ ಹೆಡ್‌ಮಾಸ್ಟರ್ ಸ್ಯಾಂಡರ್ಸನ್ ಬಗ್ಗೆ, 1924ರದ್ದು. ಪಾಠದ ಜೊತೆ ವರ್ಕ್‌ಶಾಪು, ಪ್ರಯೋಗಶಾಲೆ ತಂದು ಹುಡುಗರ ಕೈಗೆ ಉಪಕರಣ ಕೊಟ್ಟ ಮನುಷ್ಯ. ವೆಲ್ಸ್ ಮಕ್ಕಳು ಅಲ್ಲೇ ಓದಿದವರು. 1922ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಸ್ಯಾಂಡರ್ಸನ್ ಒಂದು ಉಪನ್ಯಾಸ ಮುಗಿಸಿದರು. ಅಧ್ಯಕ್ಷರ ಕುರ್ಚಿಯಲ್ಲಿ ವೆಲ್ಸ್. ಅದೇ ವೇದಿಕೆಯ ಮೇಲೆ ಸ್ಯಾಂಡರ್ಸನ್ ಕುಸಿದು ತೀರಿಕೊಂಡರು. ಯಾರ ಕಣ್ಣೆದುರು ಇದು ನಡೆಯಿತೋ ಅವನೇ ಬರೆದ ಪುಸ್ತಕ ಇದು. ಒಂದೇ ರಾತ್ರಿ ಓದಿ ಮುಗಿಸಿದೆ.

ಮೂರನ್ನೂ ಈಗ ಕೆಳಗಿನ ಸಾಲಿನಲ್ಲೇ ಇಟ್ಟಿದ್ದೇನೆ. ಇಟ್ಟಿಗೆಗೆ ಬೈಂಡಿಂಗ್ ಮಾಡಿಸಬೇಕು. ಹಳೇ ಪುಸ್ತಕ ಹಾಳು ಮಾಡದೆ ಹೊಲಿದು ಕೊಡುವವರು ಯಾರಾದರೂ ಗೊತ್ತಿದ್ದರೆ ಹೇಳಿ ಮಾರಾಯ್ರೆ.