ತೊಟ್ಟಿನ ಜಾಡು

ಹಳೆಯ ಮೋಟಾರ್‌ಸೈಕಲ್ಲನ್ನು ಸಾಕಿಕೊಂಡವರು ಬೆಳಿಗ್ಗೆ ಎದ್ದು ಮೊದಲು ನೋಡುವುದು ನೆಲವನ್ನು. ರಾತ್ರಿ ಎಂಜಿನ್ನಿನ ಅಡಿಗೆ ಹಾಸಿದ ರಟ್ಟಿನ ಮೇಲೆ ಎಷ್ಟು ತೊಟ್ಟು ಎಣ್ಣೆ ಬಿದ್ದಿದೆ, ನಿನ್ನೆಯ ಕಲೆಗಿಂತ ಇಂದಿನದು ಎತ್ತ ಸರಿದಿದೆ ಎಂಬುದನ್ನು ಪಂಚಾಂಗ ನೋಡುವಷ್ಟು ಗಂಭೀರವಾಗಿ ನೋಡುತ್ತೇವೆ.

ನನ್ನ 350 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ನು ಎಣ್ಣೆ ಸುರಿಸತೊಡಗಿದಾಗ ನಾನು ಅಪವಾದ ಹೊರಿಸಿದ್ದು ಎಣ್ಣೆ ಬಸಿಯಲು ತಳದಲ್ಲಿರುವ ತಿರುಪಾದ ಡ್ರೈನ್ ಪ್ಲಗ್ಗಿನ ಮೇಲೆ. ವಾಷರ್ ಬದಲಿಸಿದೆ, ಸಾಲದೆಂದು ಇನ್ನರ್ಧ ಸುತ್ತು ಬಿಗಿದೆ, ಕೊನೆಗೆ ಅಲ್ಯೂಮಿನಿಯಮ್ಮಿನ ಥ್ರೆಡ್ಡನ್ನೇ ಕಿತ್ತು ಕೈಗೆ ತಂದುಕೊಂಡೆ. ಪ್ಲಗ್ಗು ನಿರಪರಾಧಿಯಾಗಿತ್ತು. ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಬಳಿ ಜಿನುಗಿದ ಎಣ್ಣೆ ಸಿಲಿಂಡರಿನ ರೆಕ್ಕೆಗಳ ಸಂದಿಯಲ್ಲಿ ಇಳಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿದು, ಎಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳು ಕೂಡುವ ಗೆರೆಯಗುಂಟ ಸಾಗಿ, ಎಲ್ಲಕ್ಕಿಂತ ತಗ್ಗಾದ ಆ ಪ್ಲಗ್ಗಿನ ತುದಿಗೆ ಬಂದು ನೇತಾಡುತ್ತಿತ್ತು. ಇದು ಗೊತ್ತಾದದ್ದು ಇಡೀ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ಧಾರಾಳವಾಗಿ ಉದುರಿಸಿ, ಬಿಸಿಯಾಗುವಷ್ಟು ಹೊತ್ತು ಓಡಿಸಿದ ಮೇಲೆ. ಟಾರ್ಚ್ ಹಿಡಿದು ನೋಡಿದರೆ ಬಿಳುಪಿನ ಮೇಲೆ ಇರುವೆಸಾಲಿನಂಥ ಒಂದು ಕಂದು ಗೆರೆ ಮೇಲಿನಿಂದ ಇಳಿದುಬಂದಿತ್ತು.

ಇಂಥ ಹೊತ್ತಿನಲ್ಲಿ ಸೋರುವ ಅಂಚಿಗೆ ಮೆತ್ತುವ ಸಿಲಿಕೋನ್ ಪೇಸ್ಟಿನ ಟ್ಯೂಬು ಕೈಬೀಸಿ ಕರೆಯುತ್ತದೆ. ಹೊರಗೆ ಎಷ್ಟು ಉಬ್ಬಿ ಕಾಣುತ್ತದೋ ಒಳಗೂ ಅಷ್ಟೇ ಉಬ್ಬಿರುತ್ತದೆಂಬುದನ್ನೂ, ಅದರ ತುಣುಕು ಕಳಚಿ ಎಣ್ಣೆಯ ದಾರಿಗೆ ಸಿಕ್ಕಿಕೊಂಡರೆ ಸೋರಿಕೆಗಿಂತ ದೊಡ್ಡ ಅನಾಹುತವಾದೀತೆಂಬುದನ್ನೂ ಹಚ್ಚುವವರು ಮರೆಯುತ್ತಾರೆ. ಬಿಗಿಯುವುದೂ ಮದ್ದಲ್ಲ, ಬಿಗಿದಷ್ಟೂ ಸ್ಕ್ರೂಗಳ ಸುತ್ತಲಿನ ಲೋಹ ಉಬ್ಬಿ, ಎರಡು ಸ್ಕ್ರೂಗಳ ನಡುವಿನ ಅಂಚು ಕಮಾನಿನಂತೆ ಏಳುತ್ತದೆ. ನಾನು ದಪ್ಪ ಗಾಜಿನ ಮೇಲೆ ನುಣುಪಾದ ಎಮರಿ ಕಾಗದ ಹರಡಿ, ಕವರನ್ನು ಅಂಗೈಯಿಂದ ಹಗುರವಾಗಿ ಒತ್ತಿ ಎಂಟರ ಅಂಕಿಯಂತೆ ತಿರುಗಿಸಿದಾಗ, ತೂತುಗಳ ಸುತ್ತ ಮಾತ್ರ ಬೆಳ್ಳಿಯ ಉಂಗುರಗಳು ಮೂಡಿದವು, ನಡುವಿನ ಭಾಗ ಮಂಕಾಗಿಯೇ ಉಳಿಯಿತು. ಅಂಚು ಒಂದೇ ಸಮನೆ ಹೊಳೆಯುವವರೆಗೆ ಉಜ್ಜಲು ಒಂದು ಸಂಜೆಯೇ ಹಿಡಿಯಿತು.

ಕವರಿನಡಿಗೆ ಸೋರದಂತೆ ಹಾಸುವ ಪದರ, ಅಂದರೆ ಗ್ಯಾಸ್ಕೆಟ್ಟು, ಹೊಸದು ಹಾಕಿದರೂ ತಿಂಗಳೊಳಗೆ ಮತ್ತೆ ತೇವ. ಗ್ಯಾಸ್ಕೆಟ್ಟನ್ನು ಶಪಿಸುವುದನ್ನು ಬಿಟ್ಟು ಎಂಜಿನ್ನಿನ ಉಸಿರಾಟವನ್ನು ನೋಡಬೇಕೆಂದು ಹೊಳೆದದ್ದು ಆಗ. ಪಿಸ್ಟನ್ ಕೆಳಗಿಳಿದಾಗಲೆಲ್ಲ ಅದರಡಿಯ 350 ಸಿಸಿಯಷ್ಟು ಜಾಗ ಇಲ್ಲವಾಗುತ್ತದೆ. ಕ್ರ್ಯಾಂಕ್‌ಕೇಸಿನ ಗಾಳಿ ಬ್ರೀದರ್ ಕೊಳವೆಯಿಂದ ಹೊರಬೀಳಬೇಕು, ಪಿಸ್ಟನ್ ಮೇಲೇರುವಾಗ ಆ ಕೊಳವೆಯ ದಾರಿಯ ಕವಾಟ ಮುಚ್ಚಿಕೊಂಡು ಗಾಳಿ ಹಿಂದಿರುಗದಂತೆ ತಡೆಯಬೇಕು. ಆ ದಾರಿ ಕಟ್ಟಿದರೆ ಒತ್ತಡವು ದುರ್ಬಲವಾದ ಜೋಡಣೆಯನ್ನು ಹುಡುಕಿ ಎಣ್ಣೆಯನ್ನು ಅಲ್ಲಿಂದ ತಳ್ಳುತ್ತದೆ. ಪಿಸ್ಟನ್ ರಿಂಗುಗಳು ಸವೆದು ದಹನದ ಅನಿಲವೂ ಕೆಳಗಿಳಿಯುತ್ತಿದ್ದರಂತೂ ಕೇಳುವುದೇ ಬೇಡ. ನನ್ನ ಬೈಕಿನ ಬ್ರೀದರ್ ಕೊಳವೆಯ ರಬ್ಬರು ಕಟ್ಟಿಗೆಯಂತೆ ಗಡುಸಾಗಿ ಮಡಿಕೆ ಬಿದ್ದಿತ್ತು. ಆ ಮಡಿಕೆಯಲ್ಲಿ ತೇವವೂ ಎಣ್ಣೆಯೂ ಕಲೆತ ಕೆನೆಬಣ್ಣದ ಜಿಡ್ಡು ಗಟ್ಟಿಯಾಗಿ ಕುಳಿತಿತ್ತು. ಮೂರು ಗ್ಯಾಸ್ಕೆಟ್ಟುಗಳ ಮೇಲೆ ತೀರಿಸಿಕೊಂಡ ಸಿಟ್ಟು ಒಂದು ಗೇಣು ಕೊಳವೆಗೆ ಸಲ್ಲಬೇಕಾಗಿತ್ತು.

ಟ್ಯಾಪೆಟ್ ಕವರು ಈಗ ಒಣಗಿದೆ. ರಟ್ಟಿನ ಮೇಲೆ ಮಾತ್ರ ದಿನಕ್ಕೆರಡು ತೊಟ್ಟು ಬೀಳುತ್ತಲೇ ಇದೆ, ಅದೂ ಗೇರ್‌ಬಾಕ್ಸಿನ ಚೈನೆಳೆಯುವ ಹಲ್ಲುಗಾಲಿಯಾದ ಸ್ಪ್ರಾಕೆಟ್ಟಿನ ನೇರ ಕೆಳಗೆ. ಅಲ್ಲಿ ಎಣ್ಣೆಯನ್ನು ತಡೆಯುವ ಉಂಗುರವಾದ ಆಯಿಲ್ ಸೀಲ್ ಬದಲಿಸಲು ಚೈನನ್ನೂ ಸ್ಪ್ರಾಕೆಟ್ಟನ್ನೂ ಬಿಚ್ಚಬೇಕು. ಚೈನೂ ಹೇಗಿದ್ದರೂ ಸವೆಯುತ್ತ ಬಂದಿದೆ, ಎಲ್ಲವನ್ನೂ ಒಟ್ಟಿಗೇ ಮಾಡಿದರಾಯಿತೆಂದು ಸದ್ಯಕ್ಕೆ ರಟ್ಟನ್ನಷ್ಟೇ ಬದಲಿಸಿದ್ದೇನೆ.