ಒಂದು ಡಾಲರೂ ಇಲ್ಲದೆ ಸಿಂಗಪುರ

ಲೇಓವರ್‌ನಲ್ಲಿ, ಅಂದ್ರೆ ಎರಡು ವಿಮಾನಗಳ ನಡುವೆ ಕಾಯೋ ಹೊತ್ತಲ್ಲಿ, ಊರು ನೋಡೋಕೆ ಮೊದಲು ಹಣ ಬದಲಿಸಿಕೊಳ್ಳಿ ಅಂತ ಒಂದು ಪ್ರವಾಸ ಲೇಖನದಲ್ಲಿ ಓದಿದೆ. ಸಿಂಗಪುರದಲ್ಲಿ ಅದೇನೂ ಅಷ್ಟು ಬೇಕಾಗಲ್ಲ. ಮೆಲ್ಬರ್ನ್‌ಗೆ ಹೋಗುವಾಗ ನನಗೆ ಅಲ್ಲಿ 11 ಗಂಟೆ ಸಿಕ್ಕಿತ್ತು (ವೀಸಾ ಮೊದಲೇ ಮಾಡಿಸಿದ್ದೆ, ಅದನ್ನ ಮರೀಬೇಡಿ). ಅಲ್ಲಿನ ಚಾಂಗಿ ವಿಮಾನ ನಿಲ್ದಾಣದಲ್ಲಿ ನಮ್ಮೂರ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಮೆಟ್ರೋ ಹತ್ತಿದೆ, ತಾನಾ ಮೇರಾ ನಿಲ್ದಾಣದಲ್ಲಿ ರೈಲು ಬದಲಿಸಿದೆ. ವಿದೇಶಿ ಕಾರ್ಡಿಗೆ ಸಣ್ಣ ಶುಲ್ಕ ಹಾಕ್ತಾರೆ, ಪರವಾಗಿಲ್ಲ. ಆದರೆ ಹೊರಡೋ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಬಳಕೆ, ಟ್ಯಾಪ್ (ಕಾರ್ಡ್ ತಾಗಿಸಿ ಹಣ ಕೊಡೋದು) ಎರಡನ್ನೂ ಆನ್ ಮಾಡಿಕೊಳ್ಳಿ. ಗಾರ್ಡನ್ಸ್ ಬೈ ದ ಬೇ ಉದ್ಯಾನದಲ್ಲಿ ಸೂಪರ್‌ಟ್ರೀ (ಮರದಾಕಾರದ ದೊಡ್ಡ ಗೋಪುರ) ದೀಪದಾಟಕ್ಕೆ ಟಿಕೆಟ್ಟೇ ಇಲ್ಲ. ಪೇಚಾಡಿದ್ದು ಹೊಟ್ಟೆಪಾಡಿಗೆ: ಹಾಕರ್ ಸೆಂಟರೊಂದರ (ಸಣ್ಣ ತಿಂಡಿ ಅಂಗಡಿಗಳೆಲ್ಲ ಒಂದೇ ಕಡೆ ಇರೋ ಜಾಗ) ದೋಸೆ ಅಂಗಡಿಯಲ್ಲಿ ಕಾರ್ಡ್ ನಡೆಯಲ್ಲ ಅಂದರು. ಪಕ್ಕದಲ್ಲಿದ್ದ ತಮಿಳು ಅಜ್ಜ ದುಡ್ಡು ಕೊಟ್ಟರು. ನನ್ನ ಬ್ಯಾಗಿನ ಕೋಡುಬಳೆ ಪೊಟ್ಟಣ ಪೂರ್ತಿ ಅವರ ಪಾಲಾಯ್ತು.